ತೂಕದ ದಿನದ ಉಪ್ಪು ಮಜ್ಜಿಗೆ

ಇವತ್ತು ಬೆಳಿಗ್ಗೆ ಮೊಮ್ಮಗಳು ಹಾಲಿನ ಲೋಟ ಮುಟ್ಟಲಿಲ್ಲ. ಶಾಲೆಯಲ್ಲಿ ಆರೋಗ್ಯ ತಪಾಸಣೆಯಂತೆ, ತೂಕ ನೋಡುತ್ತಾರಂತೆ. ಕಳೆದ ಸಲ "ದಪ್ಪ" ಅಂದಿದ್ದರಂತೆ. ಲೋಟ ಹಿಡಿದು ನಿಂತ ನನಗೆ ನಗು ಬಂತು. ನಗಬಾರದಿತ್ತು ನಿಜ, ಆದರೆ ನನ್ನ ಕಥೆ ಕೇಳಿದರೆ ನೀವೂ ನಗುತ್ತೀರಿ.

ಎಪ್ಪತ್ತರ ದಶಕದಲ್ಲಿ ಯಲ್ಲದಕೆರೆ ಕಡೆಯ ಒಂದು ಹಳ್ಳಿಯಲ್ಲಿ ಓದುತ್ತಿದ್ದೆ. ಕುರಿ ಸಾಕುವ ಮನೆ, ಉಣ್ಣಲು ಕೊರತೆಯಿಲ್ಲ. ಮೈಕೈ ತುಂಬಿಕೊಂಡೇ ಬೆಳೆದೆ. ಆಗ ಡಾಕ್ಟರು ಶಾಲೆಗೆ ಬರುತ್ತಿದ್ದುದು ಬಡಕಲು ಮಕ್ಕಳನ್ನು ಹುಡುಕಲು. ನನ್ನಂಥವರ ಕೆನ್ನೆಯನ್ನು ಊರೇ ಹಿಂಡುತ್ತಿತ್ತು. ಆದರೂ ಆ ಸಲ ಎದೆ ಡವಡವ ಅನ್ನುತ್ತಿತ್ತು. ಡಾಕ್ಟರು ಒಪ್ಪಿದವರನ್ನು ಮಾತ್ರ ಹಿರಿಯೂರಿಗೆ ಖೋಖೋ ಆಡಲು ಕರೆದೊಯ್ಯುವುದಾಗಿ ಮೇಷ್ಟ್ರು ಹೇಳಿದ್ದರು. ಖೋಖೋ ಬಿಟ್ಟರೆ ನನಗೆ ಬೇರೇನೂ ಚೆನ್ನಾಗಿ ಬರುತ್ತಿರಲಿಲ್ಲ.

ಕುರಿಯನ್ನು ಸಂತೆಗೆ ಹೊಡೆಯುವ ಮುಂಚೆ ನಮ್ಮವರು ಉಪ್ಪು ನೆಕ್ಕಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಿದ್ದರು. ಆಗ ಕುರಿ ಮೈತುಂಬಿ ಕಾಣುತ್ತದೆ, ವ್ಯಾಪಾರಿ ಮೂಗು ಮುರಿಯುವುದಿಲ್ಲ. ನಾನೆಷ್ಟು ದಪ್ಪವಿದ್ದರೂ ಅಜ್ಜಿಯ ಕಣ್ಣಿಗೆ ಬಡಕಲೇ. ಅವಳು ಅದೇ ಲೆಕ್ಕದಲ್ಲಿ ನನಗೂ ಎರಡು ಮುದ್ದೆ ಉಣ್ಣಿಸಿ, ಉಪ್ಪು ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿಸಿದಳು.

"ಸಾಕು ಕಣಜ್ಜಿ, ಹೊಟ್ಟೆ ಬಿರೀತೈತೆ."

"ಕುಡಿಯೇ ಸುಮ್ಕೆ. ಡಾಕ್ಟ್ರು ಬಡಕಲು ಅಂದ್ರೆ ಆಟಕ್ಕೆ ಯಾರು ಕಳಿಸ್ತಾರೆ?"

ಶಾಲೆಯಲ್ಲಿ ನಾನು ಹತ್ತಿ ನಿಂತದ್ದೇ ತೂಕದ ಮುಳ್ಳು ಸರ್ರನೆ ಓಡಿತು. ಡಾಕ್ಟರು ಕನ್ನಡಕ ಏರಿಸಿದರು. "ವಯಸ್ಸಿಗೆ ಜಾಸ್ತಿ ಆಯ್ತಲ್ರಿ ಮೇಷ್ಟ್ರೇ. ಇವಳು ಓಡ್ತಾಳಾ?" ನನ್ನ ಕಣ್ಣು ತುಂಬಿತು. ಅವರು ಮೆತ್ತಗೆ, "ಬೆಳಿಗ್ಗೆ ಏನ್ ತಿಂದೆಯಮ್ಮ?" ಅಂದರು. ಸಂತೆಯ ಕುರಿಯ ಸಮೇತ ಎಲ್ಲ ಹೇಳಿಬಿಟ್ಟೆ. ಡಾಕ್ಟರು ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ಆಮೇಲೆ ಹುಣಸೆಮರ ತೋರಿಸಿ, "ಅದನ್ನ ಮುಟ್ಟಿ ಬಾ, ನೋಡಾಣ" ಅಂದರು. ಓಡಿದೆ. ಹೊಟ್ಟೆಯಲ್ಲಿ ಮಜ್ಜಿಗೆ ಗುಳುಗುಳು ಅನ್ನುತ್ತಿತ್ತು. ಬಂದಮೇಲೆ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ದಪ್ಪ ಅವಳೆ ನಿಜ, ಆದ್ರೆ ಎದೆ ಗಟ್ಟಿ ಐತೆ. ಕರ್ಕೊಂಡೋಗ್ರಿ. ನೀನು ದಿನಾ ಹಿಂಗೇ ಓಡಮ್ಮ. ಒಂದು ಮುದ್ದೆ ಸಾಕು ಅಂತ ಅಜ್ಜಿಗೆ ಹೇಳು."

ನನ್ನ ತಲೆಯ ಮೇಲಿನ ಬಂಡೆಯೇ ಇಳಿದಂತಾಯಿತು. ಅಜ್ಜಿ ಮಾತ್ರ ಕೊನೆಯತನಕ ಅದು ಮಜ್ಜಿಗೆಯ ಮಹಿಮೆ ಎಂದೇ ನಂಬಿದ್ದಳು.

ಈ ಕಥೆಯನ್ನು ಮೊಮ್ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಹಾಲು ಆರಿತ್ತು. ಅವಳು ನಗಲಿಲ್ಲ. "ನಮ್ ಡಾಕ್ಟ್ರು ಓಡಿಸಿ ನೋಡಲ್ಲ ಅಜ್ಜಿ" ಅಂದಳು.

ನನ್ನ ನಗು ಅಲ್ಲೇ ನಿಂತಿತು. "ನಾನು ನೋಡ್ತೀನಿ ಬಾ. ಮೊದಲು ಹಾಲು ಕುಡಿ" ಅಂದೆ.

ಕುಡಿದಳು. ಬೀದಿಯ ಕೊನೆಯ ಬೇವಿನ ಮರ ಮುಟ್ಟಿ ಏದುಸಿರು ಬಿಡುತ್ತ ಓಡಿಬಂದಳು. ಮೊಣಕಾಲೂರಿ ಅವಳ ಎದೆಗೆ ಕಿವಿಯಿಟ್ಟೆ. ಗಟ್ಟಿಯಾಗಿ ಬಡಿದುಕೊಳ್ಳುತ್ತಿತ್ತು.

"ಹೋಗು, ತೂಕದ ಮೇಲೆ ಧೈರ್ಯವಾಗಿ ನಿಂತ್ಕೋ" ಅಂದೆ.