ಹನ್ನೊಂದು ಜನರಿಗೆ ಒಂದೇ ಸಲ ಕರೆ

ಸ್ನೇಹಿತರೇ, ಇಂದು ಪುತ್ತೂರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಹನ್ನೊಂದು ಜನ ಒಟ್ಟಿಗೇ ಡಾಕ್ಟರ ಬಾಗಿಲಿಗೆ ನುಗ್ಗಿದರು. ತಪ್ಪು ನನ್ನದು. ರೋಗಿಗಳ ಹೆಸರು ಕೂಗುವ ಪ್ರೋಗ್ರಾಮನ್ನು ಅಲ್ಲಿನ ಕಂಪ್ಯೂಟರಿಗೆ ಬರೆದುಕೊಟ್ಟವನು ನಾನೇ, ಹಲ್ಲುನೋವೆಂದು ಅಲ್ಲಿ ಕಾಯುತ್ತಿದ್ದವನೂ ನಾನೇ.

ಪಟ್ಟಿಯಲ್ಲಿ ಹೆಸರು ಆಯ್ಕೆಯಾದ ಕೂಡಲೇ ಸ್ಪೀಕರ್ ಅದನ್ನು ಕೂಗಬೇಕು ಎಂದು ಬರೆದಿದ್ದೆ. ಇಂದು ಮೌಸ್ ಕೆಟ್ಟಿತ್ತು. ಕೊನೆಯವರ ಫೋನ್ ನಂಬರ್ ತಿದ್ದಲೆಂದು ರಿಸೆಪ್ಶನಿನ ಶೋಭಕ್ಕ ಬಾಣದ ಕೀ ಒತ್ತುತ್ತ ಕೆಳಗಿಳಿದರು. ದಾರಿಯಲ್ಲಿ ಸಿಕ್ಕ ಪ್ರತಿ ಹೆಸರನ್ನೂ ಸ್ಪೀಕರ್ ಕೂಗಿತು. ಅದು ಪ್ರೋಗ್ರಾಮಿನ ಬಗ್ ಎಂದು ಗೊತ್ತಿದ್ದ ಏಕೈಕ ಮನುಷ್ಯ ನಾನು. ನನ್ನ ಹೆಸರು ಕೇಳಿ ನಾನೂ ಎದ್ದೆ.

"ಕರೆದ ಮೇಲೆ ವಾಪಸ್ ಕೂರುದು ಎಂತಕ್ಕೆ?" ಎಂದರು ಜಾಲ್ಸೂರಿನ ಇಬ್ರಾಹಿಂ ಕಾಕ, ಬಾಗಿಲಿನ ಹಿಡಿ ಬಿಡದೆ.

"ನಾನು ಕರೆದದ್ದಲ್ಲ ಕಾಕ, ಇವರು!" ಎಂದು ಶೋಭಕ್ಕ ನನ್ನನ್ನು ತೋರಿಸಿದರು.

ಡಾಕ್ಟರು ಹೊರಗೆ ಬಂದರು. "ಮೊದಲು ಅದನ್ನು ಸರಿ ಮಾಡಿ ಮಾರಾಯ್ರೆ. ನಿಮ್ಮ ಹಲ್ಲು ಮತ್ತೆ."

ಊದಿದ ಕೆನ್ನೆಗೆ ಒಂದು ಕೈ, ಕೀಬೋರ್ಡಿಗೆ ಇನ್ನೊಂದು ಕೈ ಕೊಟ್ಟು 'ಕರೆಯಿರಿ' ಎಂಬ ಬಟನ್ ಸೇರಿಸಿದೆ. ಇನ್ನು ಹೆಸರು ಆರಿಸಿದರೆ ಅದಕ್ಕೆ ಬರೀ ಬಣ್ಣ, ಬಟನ್ ಒತ್ತಿದರಷ್ಟೇ ಕರೆಯುವುದಣ್ಣ.

ಎಲ್ಲರದೂ ಮುಗಿದ ಮೇಲೆ ನಾನು ಕುರ್ಚಿಗೆ ಒರಗಿದೆ. ಡಾಕ್ಟರು ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲನ್ನು ತಟ್ಟುತ್ತ, "ಇದಾ? ಇದಾ?" ಎನ್ನತೊಡಗಿದರು.

"ಡಾಕ್ಟ್ರೇ, ತಟ್ಟಿದ್ದನ್ನೆಲ್ಲ ಕೀಳುದಿಲ್ಲ ಅಲ್ವಾ?"

"ನನಗೆ ನೀವು ಬಟನ್ ಇಟ್ಟು ಕೊಡ್ಲಿಲ್ಲ ಮಾರಾಯ್ರೆ" ಎಂದು ಅವರು ಇಕ್ಕಳ ಎತ್ತಿಕೊಂಡರು.