ಭಾವ ಕಾವಲಿದ್ದ ಬ್ಯಾಟರಿ

ಮಳೆಗಾಲ ಮುಗಿದು ಮದುವೆ ಮುಂಜಿಗಳು ಶುರುವಾಗುವ ಹೊತ್ತಿಗೆ ನನ್ನ ವ್ಯಾನಿನ ಬ್ಯಾಟರಿ ಸತ್ತಿರುತ್ತಿತ್ತು. ನಾನು ಹೊಸನಗರದಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುವವಳು. ಪಾತ್ರೆ, ಒಲೆ, ಸಿಲಿಂಡರ್ ಸಾಗಿಸಲು ಒಂದು ಹಳೆಯ ವ್ಯಾನ್ ಇಟ್ಟುಕೊಂಡಿದ್ದೇನೆ, ಓಡಿಸುವವಳೂ ನಾನೇ. ಆಷಾಢ ಬಂತೆಂದರೆ ಕಾರ್ಯಗಳಿಲ್ಲ, ವ್ಯಾನ್ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತದೆ. ಬ್ಯಾಟರಿಯ ತಲೆಯ ಮೇಲೆ ಹಸಿರು ಬೆರೆತ ಬಿಳಿ ಹಿಟ್ಟು ಬೆಳೆದುಕೊಳ್ಳುತ್ತದೆ. ಬಿಸಿನೀರು ಹೊಯ್ದು ತೊಳೆದು, ಗ್ರೀಸ್ ಹಚ್ಚಿ, ಅಕ್ಕಪಕ್ಕದವರಿಂದ ದೂಡಿಸಿ ಸ್ಟಾರ್ಟ್ ಮಾಡುವುದು; ಆಗದಿದ್ದರೆ ಸಾಗರಕ್ಕೆ ಹೋಗಿ ಹೊಸದು ತರುವುದು. ನಮ್ಮ ಕಡೆ ಗಾಡಿ ಇರುವ ಎಲ್ಲರ ಪಾಡೂ ಇಷ್ಟೇ. ಇದೊಂದು ಸಮಸ್ಯೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಗಂಡ ನಿವೃತ್ತರಾಗುವವರೆಗೆ.

ಭಾವ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು. ಜೀವನವಿಡೀ ಜಾಲರಿಯ ಹಿಂದೆ ಕೂತು, ಪರರ ದುಡ್ಡನ್ನು ಪರರಿಂದಲೇ ಕಾಪಾಡಿದವರು. ಮನೆಯಲ್ಲಿಯೂ ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ, ರಸ್ತೆಯವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುತ್ತಿದ್ದರು. ನಿವೃತ್ತರಾದ ಮೇಲೆ ಕಾಯುವುದಕ್ಕೆ ಏನೂ ಇಲ್ಲದೆ ಅಕ್ಕನ ಅಡುಗೆಮನೆಯನ್ನು ಕಾಯಲು ಶುರುಮಾಡಿದರು. ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾಗಿದೆ, ಗ್ಯಾಸಿನ ಕೊಳವೆಗೆ ವಯಸ್ಸಾಗಿದೆ ಎಂದು ದಿನವೂ ವರದಿ. ಕೊನೆಗೆ ಅಕ್ಕ ನನಗೆ ಫೋನ್ ಮಾಡಿದಳು.

"ಇವ್ರು ಮೊಬೈಲ್ ನೋಡ್ಕೊಂಡು ಎಂತದೋ ಎಲೆಕ್ಟ್ರಾನಿಕ್ಸ್ ಕಲ್ತಿದಾರೆ. ನಿನ್ನ ವ್ಯಾನಿನ ಬ್ಯಾಟರಿ ವಿಷಯ ಹೇಳ್ದೆ. ನಾಳೆ ಬರ್ತಾರಂತೆ."

"ಅಕ್ಕಾ, ನಿಂಗೆ ನಾನು ಎಂತ ಮಾಡಿದ್ದೆ?"

"ಒಂದು ತಿಂಗಳು ಇಟ್ಕೋ ಮಾರಾಯ್ತಿ. ನಾನೂ ಸ್ವಲ್ಪ ಉಸಿರು ಬಿಡ್ತೀನಿ."

ಭಾವ ಬೆಳಗಿನ ಬಸ್ಸಿಗೇ ಬಂದರು. ಬ್ಯಾಟರಿಯನ್ನು ನೋಡಿದರು, ಮುಟ್ಟಿದರು, ಡಾಕ್ಟರು ಕೊನೆಯ ಹಂತದ ರೋಗಿಯನ್ನು ನೋಡಿ ಆಡುವಂತೆ "ಥಂಡಿ" ಎಂದರು. ಹಾಗೆ ಹುಟ್ಟಿದ್ದು ಮೊದಲನೆಯ ಆವಿಷ್ಕಾರ: ಹಳೆಯ ರಬ್ಬರ್ ಮ್ಯಾಟಿಗೆ ಒಳಗಿನಿಂದ ಥರ್ಮಕೋಲ್ ಅಂಟಿಸಿ, ಅದರೊಳಗೆ ಹತ್ತಿ ತುಂಬಿ ಹೊಲಿದ ಅಂಗಿ. ಊರಿನ ಜನ ಚಳಿಗೆ ಗಡಗಡ ನಡುಗುತ್ತಿದ್ದರೂ ನನ್ನ ಬ್ಯಾಟರಿ ಬೆಚ್ಚಗೆ ಕೂತಿತ್ತು. ಅದನ್ನು ಮೊದಲು ಮೆಚ್ಚಿಕೊಂಡದ್ದು ಒಂದು ಇಲಿ. ಇಷ್ಟು ಅನುಕೂಲವಾದ ಬಾಣಂತಿಕೋಣೆ ಅದಕ್ಕೆ ಇಡೀ ಹೊಸನಗರದಲ್ಲಿ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಮರಿಗಳು ಕಣ್ಣು ಬಿಡುವ ಹೊತ್ತಿಗೆ ವಯರುಗಳ ಮೇಲಿನ ಪ್ಲಾಸ್ಟಿಕ್ ಎಲ್ಲ ಅವುಗಳ ತಾಯಿಯ ಹೊಟ್ಟೆ ಸೇರಿತ್ತು.

"ನೋಡು, ಒಳಗೆ ಬೆಚ್ಚಗಿತ್ತು ಅನ್ನೋದು ಸಾಬೀತಾಯ್ತಲ್ಲ" ಎಂದರು ಭಾವ.

ಎರಡನೆಯದು ಬ್ಯಾಟರಿಯ ಸ್ಥಿತಿಯನ್ನು ತಿಳಿಸುವ ಪೆಟ್ಟಿಗೆ. ಸ್ಟಿಯರಿಂಗಿನ ಪಕ್ಕ ಹಸಿರು, ಹಳದಿ, ಕೆಂಪು ದೀಪಗಳು. ನೋಡದವರಿಗಾಗಿ ಧ್ವನಿಯೂ ಇತ್ತು. ಆ ಧ್ವನಿ ಭಾವನದೇ. ಮನೆಯಲ್ಲಿ "ಕಾಫಿ ಕೊಡೇ" ಎನ್ನುವ ಮನುಷ್ಯ ಮೈಕಿನ ಮುಂದೆ ಆಕಾಶವಾಣಿಯಾಗಿಬಿಟ್ಟಿದ್ದರು: "ಗಮನಿಸಿ. ಶಕ್ತಿ ಕುಂದುತ್ತಿದೆ. ಕೂಡಲೇ ಕ್ರಮ ಕೈಗೊಳ್ಳಿ."

ಹುಂಚದ ಹತ್ತಿರ ಒಂದು ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡು, ಹದಿಮೂರನೇ ದಿನದ ಊಟ ನಮ್ಮದಾಗಿತ್ತು. ಎಲೆ ಹಾಕಿ ಬಡಿಸಿ ಆಗಿತ್ತು. ಹಾರ ಹಾಕಿದ ಫೋಟೋದ ಮುಂದೆ ಮನೆಯವರು ಕೈಮುಗಿದು ನಿಂತಿದ್ದರು, ಯಾರೂ ಪಿಸುಗುಟ್ಟುತ್ತಲೂ ಇರಲಿಲ್ಲ. ಅಂಗಳದ ಹಲಸಿನ ಮರದ ಕೆಳಗೆ ನಿಂತಿದ್ದ ವ್ಯಾನಿನಿಂದ ಗಂಭೀರವಾದ ಗಂಡುಧ್ವನಿಯೊಂದು ಬಂತು. "ಗಮನಿಸಿ. ಶಕ್ತಿ ಕುಂದುತ್ತಿದೆ." ಮೊದಲ ಪಂಕ್ತಿಯಲ್ಲಿ ಕೂತಿದ್ದ ವಯಸ್ಸಾದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅಜ್ಜ ಪಕ್ಕದವರನ್ನು ಕೇಳಿದರು: "ಯಾರಿಗೆ ಹೇಳಿದ್ದು?" ನಾನು ಸೌಟು ಅಲ್ಲೇ ಬಿಟ್ಟು ಓಡಿಹೋಗಿ ಬಾಯಿ ಮುಚ್ಚಿಸಲು ನೋಡಿದೆ. ಬಾಯಿ ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ಅದು ಮತ್ತೊಮ್ಮೆ ಹೇಳಿ ಮುಗಿಸಿತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿತ್ತು. ಮೊದಲು ಮಳೆಗಾಲಕ್ಕೊಮ್ಮೆ ಸಾಯುತ್ತಿದ್ದ ಬ್ಯಾಟರಿ, ಪೆಟ್ಟಿಗೆ ಕೂರಿಸಿದ ಮೇಲೆ ವಾರದೊಳಗೇ ಸಾಯತೊಡಗಿತು. ಭಾವ ಅಷ್ಟರಲ್ಲಿ ತೀರ್ಥಹಳ್ಳಿಗೆ ವಾಪಸಾಗಿದ್ದರು, ನಾನು ಫೋನಿನಲ್ಲಿ ಕೇಳಿದೆ.

"ಭಾವ, ದೀಪ ಉರಿಯೋದು, ನೀವು ಮಾತಾಡೋದು, ಎಲ್ಲ ಅದೇ ಬ್ಯಾಟರಿಯಿಂದ ಅಲ್ವಾ?"

"ಹೌದು ಮತ್ತೆ. ಅದಕ್ಕೇ ಹೇಳೋದು, ಅದ್ರ ಮೇಲೆ ಕಣ್ಣಿಟ್ಟಿರ್ಬೇಕು ಅಂತ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಕಾವಲಿಗೆ ಇಟ್ಟೋರಿಗೂ ಊಟ ಹಾಕ್ಬೇಕಲ್ಲೇ."

ಮೂರನೆಯದರ ಹೊತ್ತಿಗೆ ಭಾವನ ಯೋಚನೆ ಥಂಡಿಯನ್ನು ದಾಟಿ ಕಳ್ಳರವರೆಗೆ ಹೋಗಿತ್ತು. ನಿಂತ ಲಾರಿಗಳ ಬ್ಯಾಟರಿ ಕದಿಯುತ್ತಾರೆಂದು ಎಲ್ಲೋ ಓದಿದ್ದರಂತೆ. ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಎಂಜಿನ್ ಆರಿಸಿದ ಮೇಲೆ ಯಾರಾದರೂ ಗಾಡಿ ಅಲ್ಲಾಡಿಸಿದರೆ ಅದು ತಾನಾಗಿಯೇ ಸಂಪರ್ಕ ಕಡಿದುಕೊಳ್ಳುತ್ತದೆ, ಭಾವನ ಮೊಬೈಲಿಗೆ ಮೆಸೇಜು ಹೋಗುತ್ತದೆ, ಅವರು ಗುಪ್ತ ಸಂಖ್ಯೆಯೊಂದನ್ನು ಕಳಿಸಿದರೆ ಮಾತ್ರ ಮತ್ತೆ ಜೀವ ಬರುತ್ತದೆ. ನನ್ನ ಹಳೆಯ ವ್ಯಾನನ್ನು ಕದಿಯುವಷ್ಟು ಕೆಟ್ಟ ಕಾಲ ಯಾವ ಕಳ್ಳನಿಗೂ ಬಂದಿರಲಿಲ್ಲ, ಆದರೂ ಸುಮ್ಮನಾದೆ. ಬೇಡ ಎಂದರೆ ಅಕ್ಕ ಅವರನ್ನು ಇನ್ನೆಲ್ಲಿಗೆ ಕಳಿಸಬೇಕು?

ಮಾಸ್ತಿಕಟ್ಟೆಯ ಕಡೆ ಒಂದು ಗೃಹಪ್ರವೇಶದ ಊಟ ಒಪ್ಪಿಕೊಂಡಿದ್ದೆ. ಅನ್ನಕ್ಕೆ ಮತ್ತು ಕರಿಯುವುದಕ್ಕೆ ನನ್ನ ಜೊತೆಯ ಇಬ್ಬರು ಹೆಂಗಸರು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರು. ಸಾಂಬಾರು, ಪಲ್ಯ, ಪಾಯಸಗಳನ್ನು ನಾನು ಹೊಸನಗರದಲ್ಲೇ ಮಾಡಿ ವ್ಯಾನಿಗೆ ಹೇರಿಕೊಂಡು ಹೊರಟೆ. ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾವ. ಘಟ್ಟದ ಕಡೆಯ ರಸ್ತೆಯಲ್ಲಿ ಪರೀಕ್ಷೆ ಮಾಡಬೇಕಿತ್ತಂತೆ.

ನಗರ ಎಂಬ ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಪಾಯಸದ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು ಕೇಳಿಸಿತು. ಕಾಡಿನ ತಿರುವಿನಲ್ಲಿ ವ್ಯಾನ್ ನಿಲ್ಲಿಸಿ, ಇಳಿದು, ಹಿಂದೆ ಹತ್ತಿ ಹಗ್ಗ ಬಿಗಿದೆ. ಬಿಗಿಯುವಾಗ ವ್ಯಾನ್ ಅಲ್ಲಾಡದೆ ಇರುತ್ತದೆಯೇ? ವಾಪಸು ಬಂದು ಕೀ ತಿರುಗಿಸಿದರೆ ಟಿಕ್ ಎಂಬ ಸದ್ದೂ ಇಲ್ಲ. ಸೀಟಿನ ಅಡಿಯಿಂದ ಭಾವನ ದನಿ ಬಂತು: "ಕಳ್ಳತನ ಪತ್ತೆಯಾಗಿದೆ. ಮಾಲೀಕರಿಗೆ ತಿಳಿಸಲಾಗುತ್ತಿದೆ."

ಪಕ್ಕದಲ್ಲಿದ್ದ ಭಾವನ ಮುಖ ಅರಳಿತು. "ಕೆಲಸ ಮಾಡ್ತು."

"ಒಳ್ಳೇದು. ಈಗ ನಂಬರ್ ಕಳ್ಸಿ."

ಅವರು ಮೊಬೈಲ್ ತೆಗೆದರು, ನೋಡಿದರು, ಕಿಟಕಿಯಿಂದ ಹೊರಗೆ ಹಿಡಿದರು, ಇಳಿದು ತಲೆಯ ಮೇಲೆ ಎತ್ತಿದರು. ಸುತ್ತ ಕಾಡು. ನೆಟ್‌ವರ್ಕ್ ಎಂಬುದು ನಗರದಲ್ಲೇ ಇಳಿದುಕೊಂಡಿತ್ತು.

"ಪೆಟ್ಟಿಗೆ ಬೀಗ ತೆಗೀರಿ ಹಂಗಾರೆ. ನೇರ ವಯರ್ ಕೊಡಾಣ."

"ಕೀ ತೀರ್ಥಳ್ಳೀಲಿದೆ. ಗಾಡೀಲೇ ಕೀ ಇಟ್ರೆ ಸೇಫ್ಟಿ ಎಂತದು ಬಂತು?"

"ದೂಡಿದ್ರೆ?"

"ದೂಡಿದ್ರೂ ಸ್ಟಾರ್ಟ್ ಆಗಲ್ಲ. ಕಳ್ರು ದೂಡೇ ಅಲ್ವಾ ತಗೊಂಡು ಹೋಗೋದು? ಅದನ್ನೂ ಯೋಚ್ನೆ ಮಾಡಿದೀನಿ." ಇದನ್ನು ಹೇಳುವಾಗ ಅವರ ದನಿಯಲ್ಲಿ ಇನ್ನೂ ಹೆಮ್ಮೆ ಉಳಿದಿತ್ತು. ನನ್ನ ಮುಖ ನೋಡಿ ನಿಧಾನವಾಗಿ ಇಳಿಯಿತು.

ನನಗೆ ನಿಜವಾಗಿಯೂ ಅಳು ಬಂದಿತ್ತು. ಊಟದ ಹೊತ್ತು ಹತ್ತಿರವಾಗಿತ್ತು. ಒಂದು ಮನೆಯ ಊಟ ತಪ್ಪಿಸಿದವಳನ್ನು ಮೂರು ತಾಲೂಕಿನಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ. ಸಾಂಬಾರಿನ ಪಾತ್ರೆಗೆ ಒರಗಿ ನಿಂತಿದ್ದಾಗ ಕುಂದಾಪುರದ ಕಡೆ ಹೋಗುವ ಖಾಸಗಿ ಬಸ್ಸೊಂದು ತಿರುವಿನಲ್ಲಿ ಹಾರ್ನ್ ಹೊಡೆಯಿತು. ರಸ್ತೆಯ ನಡುವೆ ಹೋಗಿ ಎರಡೂ ಕೈ ಅಡ್ಡ ಹಿಡಿದೆ.

ಕಂಡಕ್ಟರ್ ಇಳಿದು ಬಂದು ಪಾತ್ರೆಗಳನ್ನೂ ನನ್ನನ್ನೂ ನೋಡಿದ. "ಎಂತಾಯ್ತಕ್ಕ?"

"ಬ್ಯಾಟರಿಗೆ ರಕ್ಷಣೆ ಕೊಟ್ಟಿದ್ವಿ" ಎಂದೆ.

ಅವನು ಬಸ್ಸಿನೊಳಗೆ ತಿರುಗಿ ಕೂಗಿದ: "ಸ್ವಲ್ಪ ಇಳೀರಿ, ಒಂದು ಕೈ ಹಾಕಿ." ಎಲ್ಲರೂ ಇಳಿದರು. ಸಾಂಬಾರು ಡ್ರೈವರಿನ ಪಕ್ಕ, ಪಲ್ಯ ಹಿಂದಿನ ಬಾಗಿಲ ಹತ್ತಿರ, ಪಾಯಸದ ಪಾತ್ರೆ ಇಬ್ಬರು ಕಾಲೇಜು ಹುಡುಗಿಯರ ಕಾಲಿನ ನಡುವೆ. ಭಾವ ಹತ್ತಲಿಲ್ಲ. "ನೀನು ಹೋಗು. ಗಾಡಿ ಹತ್ರ ಯಾರಾದ್ರೂ ಇರ್ಬೇಕಲ್ಲ" ಎಂದು ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಇಷ್ಟೆಲ್ಲ ಬೀಗ ಹಾಕಿದ ಮೇಲೂ ಕಾವಲಿಗೆ ಮನುಷ್ಯನೇ ಬೇಕಾಯಿತು.

ಬಸ್ಸು ಚಪ್ಪರದ ಎದುರಿಗೇ ನಿಂತಿತು. ನನ್ನನ್ನು ಬೈಯಲು ರಸ್ತೆಯವರೆಗೆ ಬಂದಿದ್ದ ಮನೆಯ ಯಜಮಾನರು, ಬಸ್ಸಿನ ತುಂಬ ಜನ ಪಾತ್ರೆ ಹಿಡಿದು ಇಳಿಯುವುದನ್ನು ಕಂಡು ಬೈಗುಳ ಮರೆತರು. ಕಂಡಕ್ಟರನ ಬಾಯಿಂದ ಕಥೆ ಕೇಳಿ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಊಟದ ಹೊತ್ತಲ್ಲಿ ಅಡುಗೆ ಹೊತ್ತುಕೊಂಡು ಬಂದೋರನ್ನ ಹಂಗೇ ಕಳ್ಸೋಕಾಗತ್ತಾ? ಎಲ್ಲಾ ಕೂತ್ಕೊಳ್ಳಿ" ಎಂದುಬಿಟ್ಟರು.

ಬಸ್ಸಿನವರು ಎರಡನೇ ಸಲ ಕರೆಸಿಕೊಳ್ಳಲಿಲ್ಲ. ಹೊಸ ಮನೆಯವರಿಗೆ ಪುಣ್ಯ, ಪ್ರಯಾಣಿಕರಿಗೆ ಪಾಯಸ, ಲೆಕ್ಕ ತಪ್ಪಿದ್ದು ನನಗೊಬ್ಬಳಿಗೆ. ಕೊನೆಯ ಪಂಕ್ತಿಗೆ ಸಾಂಬಾರು ತಳ ಕಂಡಿತು. ಒಳಗೆ ಹೋಗಿ ಒಲೆಗೆ ಅನ್ನ ಇಟ್ಟು, ಅಂಗಳದಲ್ಲಿ ಸಿಕ್ಕ ನಿಂಬೆಹಣ್ಣೆಲ್ಲ ಕೊಯ್ಯಿಸಿ ಚಿತ್ರಾನ್ನ ಕಲಸಿದೆ. ಮನೆಯ ಖಾಸಾ ನೆಂಟರು ಅದನ್ನು ತಿಂದು, ಊಟದ ನಡುವೆ ಚಿತ್ರಾನ್ನ ಬಡಿಸುವುದು ಹೊಸ ಪದ್ಧತಿಯೇ ಎಂದು ಕೇಳಿದರು. ಹೌದು, ಈಗ ಎಲ್ಲ ಕಡೆ ಹಾಗೇ ಎಂದೆ.

ಎಲೆ ಎತ್ತಿದ ಮೇಲೆ ಮನೆಯವರ ವೈಫೈ ಹಿಡಿದು ಫೋನ್ ಬಡಿದುಕೊಂಡಿತು. ಅಕ್ಕ.

"ಇವ್ರ ಮೊಬೈಲ್ ಸಿಗ್ತಾ ಇಲ್ಲ. ಎಲ್ಲಿದಾರೆ?"

ಆಗ ನೆನಪಾಯಿತು. ಭಾವ ಊಟ ಮಾಡಿರಲಿಲ್ಲ. ಅಷ್ಟು ಜನಕ್ಕೆ ಬಡಿಸಿದವಳು, ನನ್ನದೇ ಅಕ್ಕನ ಗಂಡನನ್ನು ಕಾಡಿನಲ್ಲಿ ಮರೆತಿದ್ದೆ. ಸಕ್ಕರೆ ಕಾಯಿಲೆ ಇರುವ ಮನುಷ್ಯ ಬೇರೆ. ಉಳಿದ ಚಿತ್ರಾನ್ನವನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಂಡು, ಯಜಮಾನರ ಜೀಪಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಅವರು ಎಲ್ಲಿಯಾದರೂ ತಲೆ ತಿರುಗಿ ಬಿದ್ದಿರಬಹುದೆಂದು ಚರಂಡಿಯ ಕಡೆಯೇ ನೋಡುತ್ತಿದ್ದೆ.

ಭಾವ ವ್ಯಾನಿನ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಇಸ್ತ್ರಿ ಅಂಗಿಯ ತುಂಬ ಮಣ್ಣು, ಬೆರಳ ಗಿಣ್ಣಿನ ಚರ್ಮ ಸುಲಿದಿತ್ತು. ಪಕ್ಕದಲ್ಲಿ ಉಕ್ಕಿನ ಪೆಟ್ಟಿಗೆ ಬಾಯಿ ಕಳೆದು ಬಿದ್ದಿತ್ತು. ಮೊದಲು ಗುಡ್ಡ ಹತ್ತಿದ್ದರಂತೆ. ಮೇಲೆ ನೆಟ್‌ವರ್ಕ್ ಸಿಕ್ಕಿ ಗುಪ್ತ ಸಂಖ್ಯೆ ಕಳಿಸಿದರಂತೆ. ಆದರೆ ಕೆಳಗೆ ವ್ಯಾನಿನ ಪೆಟ್ಟಿಗೆಗೆ ನೆಟ್‌ವರ್ಕ್ ಇರಲಿಲ್ಲವಲ್ಲ. ಇಳಿದು ಬಂದು ಕಲ್ಲು ತೆಗೆದುಕೊಂಡು ಜಜ್ಜಿದ್ದರು.

"ಒಡೆಯೋಕೆ ಇಷ್ಟು ಹೊತ್ತು ಬೇಕಾಯ್ತು ನೋಡು" ಎಂದರು, ಚಿತ್ರಾನ್ನ ತಿನ್ನುತ್ತ. "ಯಾವ ಕಳ್ಳನಿಗೆ ಇಷ್ಟು ತಾಳ್ಮೆ ಇರತ್ತೆ?"

"ಪರೀಕ್ಷೆ ಪಾಸಾಯ್ತು ಅನ್ನಿ."

ಅವರು ಕೊನೆಯ ತುತ್ತು ಮುಗಿಸಿದರು. ಆಮೇಲೆ ಎಲೆ ಮಡಚುತ್ತ, "ನಿಂಗೆ ತೊಂದ್ರೆ ಆಯ್ತು. ಬ್ಯಾಂಕಲ್ಲಿರೋವಾಗ ನಾನು ಒಂದಿನಾನೂ ಲೇಟ್ ಮಾಡಿದೋನಲ್ಲ" ಎಂದರು. ಬಸ್ಸಿನಲ್ಲಿ ಕೂತು ಜೋಡಿಸಿಟ್ಟುಕೊಂಡಿದ್ದ ಬೈಗುಳಗಳನ್ನೆಲ್ಲ ಅಲ್ಲೇ ಬಿಟ್ಟೆ. ಕೈ ತೊಳೆಯಲು ನೀರು ಹಾಕಿದೆ. ಹಳೆಯ ವಯರುಗಳನ್ನು ನೇರ ಜೋಡಿಸಿದರು, ವ್ಯಾನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆ ದಿನ ಉಂಡವರ ಪೈಕಿ ಕೆಲವರು ಆಮೇಲೆ ತಮ್ಮ ಮನೆಯ ಕಾರ್ಯಗಳಿಗೆ ನನ್ನನ್ನು ಕರೆದರು. ಎಲ್ಲರಿಗೂ ಊಟದ ನಡುವೆ ಚಿತ್ರಾನ್ನ ಬೇಕಿತ್ತು. ಭಾವ ಸಾಗರದ ಒಂದು ವಸ್ತುಪ್ರದರ್ಶನಕ್ಕೆ ಜಜ್ಜಿದ ಪೆಟ್ಟಿಗೆಯನ್ನೇ ಒಯ್ದಿಟ್ಟರು. "ಘಟ್ಟದ ರಸ್ತೆಯಲ್ಲಿ ಪರೀಕ್ಷಿಸಲಾಗಿದೆ" ಎಂದು ಬೋರ್ಡು ಬರೆಸಿದ್ದರು, ಅದು ಸುಳ್ಳೂ ಅಲ್ಲ. ನೋಡಲು ಬಂದವರಲ್ಲಿ ಹೆಚ್ಚಿನವರು ಅದರಲ್ಲಿ ಹಪ್ಪಳ ಇಡಬಹುದೇ ಎಂದು ಕೇಳಿದರಂತೆ. ನಾನೀಗ ಮಳೆಗಾಲ ಶುರುವಾಗುವ ಮೊದಲು ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ಒಂದು ವಯರ್ ಕಳಚಿಡುತ್ತೇನೆ. ಬ್ಯಾಟರಿ ಬದುಕಿರುತ್ತದೆ. ಭಾವನಿಗೆ ಹೇಳಿಲ್ಲ.

ಈ ವರ್ಷ ಅಕ್ಕ, ಯಾರನ್ನೂ ಕೇಳದೆ, ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಳು. ಇಡೀ ಗಾಡಿಯೇ ಬ್ಯಾಟರಿ. ಸುದ್ದಿ ಕೇಳಿ ನಾನು ಭಾವನ ಸಂಭ್ರಮ ನೋಡಲೆಂದೇ ತೀರ್ಥಹಳ್ಳಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಅದರ ಪುಸ್ತಕ ಓದಿ ಮುಗಿಸಿದ್ದರು. ಬಿಸಿಯಾದರೆ ಅದೇ ಹೇಳುತ್ತದಂತೆ. ಚಾರ್ಜ್ ತುಂಬಿದರೆ ಅದೇ ನಿಲ್ಲಿಸುತ್ತದಂತೆ. ಕದ್ದರೆ ಎಲ್ಲಿದ್ದೇನೆಂದು ಅದೇ ತಿಳಿಸುತ್ತದಂತೆ.

"ಎಲ್ಲಾ ಅದ್ರಲ್ಲೇ ಇದೆ" ಎಂದರು ನನಗೆ. ಬ್ಯಾಂಕಿನಲ್ಲಿ ಅವರ ಕೌಂಟರಿನ ಎದುರಿಗೆ ದುಡ್ಡು ಕೊಡುವ ಯಂತ್ರ ತಂದು ನಿಲ್ಲಿಸಿದ ದಿನವೂ ಅವರು ಹೀಗೇ ಕೂತಿದ್ದಿರಬೇಕು.

ಅಕ್ಕ ಸೆರಗು ಸಿಕ್ಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಳು. "ನೋಡ್ಕೊಳ್ಳೋಕೆ ಎಂತದೂ ಇಲ್ಲ ಅಂದ್ರೆ ಹಿಂದೆ ಕೂತ್ಕೊಳ್ಳಿ. ಪೇಟೆಗೆ ಹೋಗಿ ತರಕಾರಿ ತರಾಣ."

ಭಾವ ಎದ್ದು, ಬಾಗಿಲಿನ ಬೀಗ ಎಳೆದು ನೋಡಲು ಹೋಗಿ, ಮನೆಯಲ್ಲಿ ನಾನಿರುವುದು ನೆನಪಾಗಿ ಕೈ ಬಿಟ್ಟರು. ಚೀಲ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಸದ್ದೇ ಇಲ್ಲದ ಆ ಸ್ಕೂಟರನ್ನು ಅಕ್ಕ ನಾನೆಣಿಸಿದ್ದಕ್ಕಿಂತ ಜೋರಾಗಿ ಓಡಿಸಿಕೊಂಡು ಹೋದಳು. ಗೇಟಿನ ತಿರುವಿನಲ್ಲಿ ಭಾವ ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಕಾಣಿಸಿತು.