ಆಯುಧಪೂಜೆಯ ದಿನ ಹೋದ ವೈಫೈ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಇದನ್ನು ಹೇಳುವಾಗ ನನಗೆ ಯಾವ ಸಂಕೋಚವೂ ಆಗುವುದಿಲ್ಲ. ಅಜ್ಜ ಆನಗೋಡಿನ ಕಡೆ ಕೂಲಿ ಮಾಡಿದವನು. ಅವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬಿದವಳು. ಅಪ್ಪ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಸಿಎ ಓದುವಾಗ ನಾನು ಬೆಳಿಗ್ಗೆ ಅವ್ವನ ಜೊತೆ ಭಟ್ಟಿಗೆ ಹೋಗಿ ಚೀಲ ಹಿಡಿದು, ಕೂದಲಿಗೆ ಹತ್ತಿದ ಭತ್ತದ ಹೊಟ್ಟು ಜಾಡಿಸಿಕೊಂಡು ಕಾಲೇಜಿಗೆ ಓಡುತ್ತಿದ್ದೆ. ಒಂದು ಪೇಪರು ಎರಡು ಸಲ ಹೋಯಿತು, ಮೂರನೇ ಸಲಕ್ಕೆ ಪಾಸಾಯಿತು. ಅದು ನೆಟ್‌ವರ್ಕ್ ಪೇಪರು. ಮುಂದಿನ ಮಾತಿಗೆ ಬೇಕಾಗುತ್ತದೆ ಅಂತ ಹೇಳಿದೆ.

ಅಪ್ಪ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಮೂವತ್ತು ವರ್ಷದ ಮೇಲಾಯಿತು. ಕಬ್ಬಿಣದ ಸರಳನ್ನು ಕೂದಲೆಳೆಯ ಲೆಕ್ಕದಲ್ಲಿ ಕಡಿಯುವ ಕೈ ಅವನದು. ಸಹಿ ಮಾಡಲು ಹೊತ್ತು ಹಿಡಿಯುತ್ತದೆ, ಮೈಕ್ರೋಮೀಟರ್ ಓದಲು ಹಿಡಿಯುವುದಿಲ್ಲ. ಡಿಗ್ರಿ ಮುಗಿಸಿ ನಾನು ಮನೆಯಲ್ಲಿ ಕೂತಿದ್ದಾಗ ಅವನೇ ಹೋಗಿ ವರ್ಕ್‌ಶಾಪಿನ ಸಾವ್ಕಾರ್ರನ್ನು ಕೇಳಿದ. ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇತ್ತು, ಅದರ ಮುಂದೆ ಕೂರುವವರು ಯಾರೂ ಇರಲಿಲ್ಲ.

ಸಾವ್ಕಾರ್ರು ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: "ನೋಡವ್ವ, ಮೂರು ತಿಂಗಳು ನೋಡ್ತೀನಿ. ದಸರಾ ಹಬ್ಬ ಮುಗಿದ ಮ್ಯಾಲೆ ಹೇಳ್ತೀನಿ ಇಟ್ಕಂತೀನೋ ಇಲ್ಲೋ ಅಂತ. ಆಗಲಿಲ್ಲಂದ್ರೆ ದಾವಣಗೆರೆ ಕಂಪ್ಯೂಟರ್ ಅಂಗಡಿಯವನಿಗೆ ಕೆಲಸ ಒಪ್ಪಿಸಿಬಿಡ್ತೀನಿ. ನಿಮ್ಮಪ್ಪ ಹಳೇ ಮನುಷ್ಯ, ಅವನ ಮುಖ ನೋಡಿ ಇಟ್ಕಂಡೆ ಅಂತ ಆಗಬಾರ್ದು."

ಆಗಲಿ ಅಂದೆ. ಅವತ್ತಿನಿಂದ ಅಲ್ಲಿ ನನ್ನ ಹೆಸರು 'ಡಿಗ್ರಿ' ಅಂತ ಆಯಿತು. "ಡಿಗ್ರಿ ಬಂದಳೇನು?" "ಡಿಗ್ರಿ, ಈ ಬಿಲ್ ಟೈಪ್ ಮಾಡವ್ವ." ಕೊಂಕೋ ಪ್ರೀತಿಯೋ ತಿಳಿಯದ ಹಾಗೆ ಕರೆಯುತ್ತಿದ್ದರು. ನಾನು ದಿನಾ ದಾವಣಗೆರೆಯಿಂದ ಅಪ್ಪನ ಜೊತೆ ಒಂದೇ ಬಸ್ಸು ಹತ್ತುತ್ತಿದ್ದೆ. ಗೇಟಿನೊಳಗೆ ಕಾಲಿಟ್ಟ ಮೇಲೆ ಅವನು ಶೆಡ್ಡಿಗೆ, ನಾನು ಶೆಡ್ಡಿನ ಹಿಂದಿನ ಆಫೀಸಿಗೆ. ಸಂಜೆತನಕ ಮಾತಿಲ್ಲ. ಮಗಳಿಗೆ ಹೇಳಿಕೊಟ್ಟ ಅಂತ ಯಾರೂ ಅನ್ನಬಾರದು ಎಂಬುದು ಅವನ ಕಟ್ಟುನಿಟ್ಟು.

ಆ ದಸರಾ ಹೊತ್ತಿಗೆ ಹೊರಗಿನ ಒಂದು ದೊಡ್ಡ ಕಾರ್ಖಾನೆ ನಮ್ಮಿಂದ ಮಾದರಿ ಬಿಡಿಭಾಗಗಳನ್ನು ತರಿಸಿಕೊಂಡಿತ್ತು. ಕಡಿದವನು ಅಪ್ಪನೇ. ಅವುಗಳ ಅಳತೆಯ ಪಟ್ಟಿ, ಡ್ರಾಯಿಂಗುಗಳು ಎಲ್ಲವನ್ನೂ ಅವರ ಪೋರ್ಟಲ್ಲಿಗೆ ಹಾಕಬೇಕು. ವಿಜಯದಶಮಿಯ ಮರುದಿನ ಸಂಜೆ ನಾಲ್ಕು ಗಂಟೆ ಕೊನೆ, ತಪ್ಪಿದರೆ ಆರ್ಡರ್ ಕೈಬಿಟ್ಟ ಹಾಗೆ. ಪೋರ್ಟಲ್ ತೆರೆದು ನೋಡಿದರೆ, ನಿಮ್ಮ ಸಿಸ್ಟಮ್ ಹಳತಾಗಿದೆ, ಹೊಸ ವರ್ಶನ್ ಹಾಕಿಕೊಂಡು ಬನ್ನಿ ಅಂದಿತು. ಸಾವ್ಕಾರ್ರನ್ನು ಕೇಳಿದರೆ ಬ್ಯಾಡ ಅನ್ನುವುದು ಖಾತ್ರಿ. ಹೊಸದೇನೇ ಆದರೂ ಅವರು ಮೊದಲು ಬ್ಯಾಡ ಅನ್ನುವವರು. ನಾನು ಕೇಳಲಿಲ್ಲ. ಆಯುಧಪೂಜೆಯ ದಿನ ಹೇಗೂ ಟೈಪಿಂಗ್ ಕೆಲಸವಿರುವುದಿಲ್ಲ ಅಂತ, ಬೆಳಿಗ್ಗೆ ಹನ್ನೊಂದಕ್ಕೆ ಅಪ್‌ಗ್ರೇಡ್ ಹಚ್ಚಿಬಿಟ್ಟೆ. ಯಾರೂ ನೋಡದಿರಲಿ ಅಂತ ಮಾನಿಟರ್ ಆಫ್ ಮಾಡಿದೆ. ಮೇಜಿನ ಕೆಳಗಿನ ಸಿಪಿಯು ಡಬ್ಬಿ ಸುಮ್ಮನೆ ತನ್ನ ಕೆಲಸ ಮಾಡಿಕೊಳ್ಳುತ್ತಿತ್ತು.

ಇಲ್ಲಿ ಆ ವರ್ಕ್‌ಶಾಪಿನ ಒಂದು ಪದ್ಧತಿ ಹೇಳಬೇಕು. ಆಯುಧಪೂಜೆಯ ದಿನ ಮಷೀನುಗಳ ಮೈ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡುತ್ತಾರೆ. ಬಾಗಿಲಲ್ಲಿ ಬೂದುಗುಂಬಳ ಒಡೆದ ಮೇಲೆ, ಎಲ್ಲರಿಗಿಂತ ಹಳೆಯ ಕೆಲಸಗಾರ ಹೋಗಿ ಮೇನ್ ಸ್ವಿಚ್ ಇಳಿಸುತ್ತಾನೆ. ಅಲ್ಲಿಂದ ವಿಜಯದಶಮಿ ದಾಟುವತನಕ ಯಾವ ಯಂತ್ರವೂ ತಿರುಗಬಾರದು, ಒಂದು ಬಲ್ಬೂ ಉರಿಯಬಾರದು. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಅದೊಂದು ವಿಶ್ರಾಂತಿ. ಆ ಹಳೆಯ ಕೆಲಸಗಾರ ನಮ್ಮಪ್ಪ. ವರ್ಷದಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ವರ್ಕ್‌ಶಾಪಿಗೆ ಬರುವುದು ಅದೊಂದೇ ದಿನ.

ಇದು ನನಗೆ ಗೊತ್ತಿರಲಿಲ್ಲವೇ? ಚಿಕ್ಕವಳಿದ್ದಾಗಿಂದ ಆ ಪೂಜೆಗೆ ಹೋಗಿ ಪ್ರಸಾದದ ಮಂಡಕ್ಕಿ ತಿಂದವಳು ನಾನು. ಆದರೂ ಅವತ್ತು ಕಂಪ್ಯೂಟರಿಗೂ ಹಾರ ಹಾಕಿ, ಆರತಿ ತಗೊಂಡು, ಕುಂಬಳಕಾಯಿ ಒಡೆಯುವುದನ್ನು ನೋಡುತ್ತ ನಿಂತುಬಿಟ್ಟೆ. ಖಟ್ ಅಂತ ಮೇನ್ ಇಳಿದ ಸದ್ದು ಕೇಳಿದಾಗಲೇ ಅಪ್‌ಗ್ರೇಡ್ ನೆನಪಾದದ್ದು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಓಡಿ ಹೋಗಿ ನೋಡಿದೆ. ಹಾರದ ಹಿಂದೆ ಮಿಣುಕುತ್ತಿದ್ದ ಡಬ್ಬಿಯ ದೀಪ ಆರಿತ್ತು.

ಮೇನ್ ಏರಿಸಿ ಅಂತ ಕೇಳುವ ಹಾಗಿಲ್ಲ. ಅಂಥ ಮಾತು ಅಲ್ಲಿ ಯಾರೂ ಆಡಿಲ್ಲ.

ಮರುದಿನ ವಿಜಯದಶಮಿ. ಅವ್ವ ಹೋಳಿಗೆ ಮಾಡಿದ್ದಳು. ಬಂಗಾರ ಅಂತ ಬನ್ನಿ ಎಲೆ ಕೊಡಲು ಬಂದವರೆಲ್ಲ ಬಂಗಾರದಂಗ ಇರೋಣ ಅಂದರು. ನಾನು ಹೂಂ ಅಂದೆ. ನನ್ನ ಬಂಗಾರ ಹರಿಹರದಲ್ಲಿ ಅರ್ಧಕ್ಕೆ ನಿಂತಿತ್ತು.

ಅದರ ಮರುದಿನ ಅಪ್ಪ ಮೇನ್ ಏರಿಸಿದ. ಕಂಪ್ಯೂಟರ್ ತಡವರಿಸಿ ತಡವರಿಸಿ, ತಾನೇ ಉಳಿದದ್ದನ್ನು ಮುಗಿಸಿಕೊಂಡು, ಹನ್ನೊಂದರ ಹೊತ್ತಿಗೆ ಹೊಸ ಮುಖ ತೋರಿಸಿತು. ಫೈಲುಗಳೆಲ್ಲ ಇದ್ದವು. ಬದುಕಿದೆ ಅಂದುಕೊಂಡೆ. ಮೂಲೆಯಲ್ಲಿ ನೋಡಿದರೆ ವೈಫೈ ಗುರುತೇ ಇಲ್ಲ. ಸಂಪರ್ಕ ಸಿಗುತ್ತಿಲ್ಲ ಅನ್ನುವುದೂ ಅಲ್ಲ. ವೈಫೈ ಅನ್ನುವುದೊಂದು ಇತ್ತು ಎಂಬ ನೆನಪೂ ಅದಕ್ಕೆ ಇರಲಿಲ್ಲ.

ಪೋರ್ಟಲ್ಲಿಗೆ ಸಾವ್ಕಾರ್ರ ಡಿಜಿಟಲ್ ಸಹಿ ಬೇಕು. ಅದು ಪೆನ್‌ಡ್ರೈವಿನಂಥ ಒಂದು ಕಡ್ಡಿ, ಕಂಪ್ಯೂಟರಿಗೇ ಚುಚ್ಚಬೇಕು. ಹಾಗಾಗಿ ಫೋನಿನಿಂದ ಕಳಿಸುವ ದಾರಿ ಮುಚ್ಚಿತ್ತು. ನೆಟ್ ಬರುವ ಡಬ್ಬಿ ಇದ್ದದ್ದು ಎದುರಿನ ಸಾವ್ಕಾರ್ರ ಮನೆಯ ನಡುಮನೆಯಲ್ಲಿ. ಕಂಪ್ಯೂಟರನ್ನೇ ಹೊತ್ತುಕೊಂಡು ಅಲ್ಲಿಗೆ ಹೋಗಬಹುದಿತ್ತು. ಹೋದರೆ, ನಾನು ಕೆಡಿಸಿದ್ದೇನೆ ಅಂತ ಡಂಗುರ ಹೊಡೆದ ಹಾಗೆ.

ಆದರೂ ಸಾವ್ಕಾರ್ರಿಗೆ ವಾಸನೆ ಬಡಿದಿತ್ತು. ಬಾಗಿಲಲ್ಲಿ ನಿಂತು, "ಏನವ್ವ ಡಿಗ್ರಿ, ಹೋತಾ ನಾಲ್ಕರೊಳಗೆ ಹೋಗಬೇಕಾದ್ದು?" ಅಂದರು.

"ನೆಟ್ ಬರ್ತಿಲ್ಲರಿ. ನೋಡ್ತಿದೀನಿ."

ಅವರು ಅಲ್ಲೇ ನಿಂತು ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು. ಅವನು ನೋಡದೇ ಔಷಧ ಹೇಳಿದ: "ಫಾರ್ಮ್ಯಾಟ್ ಹೊಡೀಬೇಕ್ರಿ ಸಾವ್ಕಾರ್ರೆ. ಹಬ್ಬದ ರಷ್ ಐತೆ, ನಾಳೆ ತಂದುಕೊಡ್ರಿ."

"ಇವತ್ತ ಬೇಕಲ್ಲಪ್ಪ."

"ಮೂರರ ಮ್ಯಾಲೆ ನಾನ ಬಂದು ನೋಡ್ತೀನಿ ಹಂಗಾದ್ರೆ."

ಸಾವ್ಕಾರ್ರು ಫೋನ್ ಇಟ್ಟು ನನ್ನ ಕಡೆ ನೋಡಿದರು. "ಅವನು ಬರೋತನ ನಿಂದು ಟೈಮು," ಅಂದು ಹೋದರು. ಅವನು ಬಂದರೆ ಆ ಕುರ್ಚಿಯಿಂದ ನಾನು ಎದ್ದ ಹಾಗೆಯೇ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಂಡದ್ದೆಲ್ಲ ಒತ್ತಿದೆ. ಆಫ್ ಮಾಡಿದೆ, ಆನ್ ಮಾಡಿದೆ. ಯುಎಸ್‌ಬಿಗೆ ಚುಚ್ಚಿದ್ದ, ವೈಫೈ ಹಿಡಿಯುವ ಪುಟ್ಟ ಡಾಂಗಲ್ ಕಿತ್ತು, ಊದಿ, ಮತ್ತೆ ಚುಚ್ಚಿದೆ. ಊಟದ ಹೊತ್ತಿಗೆ ಅಪ್ಪ ಬಾಗಿಲಿಗೆ ಬಂದ. ಸಂಜೆಗೆ ಮುಂಚೆ ಅವನು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ನಾ ಮೇನ್ ಇಳಿಸಿದಾಗ ಇದು ಓಡ್ತಿತ್ತೇನು?"

ಯಾರು ಹೇಳಿದ್ದರೋ, ಅವನೇ ಊಹಿಸಿದನೋ. "ಓಡ್ತಿತ್ತು," ಅಂದೆ.

"ಹೇಳಬಾರದಾ?"

"ಮರ್ತಿದ್ದೆ ಅಪ್ಪಾ. ನಂದೇ ತಪ್ಪು."

ಹಾರ ಒಣಗಿ ಇನ್ನೂ ಕಂಪ್ಯೂಟರಿನ ಮೇಲೇ ಇತ್ತು, ಅವನು ಅದನ್ನು ತೆಗೆದು ಪಕ್ಕಕ್ಕಿಟ್ಟ. "ಓಡೋ ಲೇತ್‌ಗೆ ಕರೆಂಟು ಹೋದ್ರೆ ಕಡಿಯೋ ಸರಳಿನ ಮ್ಯಾಲೆ ಗೀರು ಬೀಳ್ತೈತೆ. ಇದಕ್ಕೂ ಎಲ್ಲೋ ಗೀರು ಬಿದ್ದೈತೆ, ಅಷ್ಟೇ. ಎಲ್ಲಿ ಕೆಟ್ಟೈತೆ ಅಂತ ಹುಡುಕಬ್ಯಾಡ ತಾಯಿ. ಎಲ್ಲಿತನ ಚೆಂದಾಗೈತೆ ಅಂತ ನೋಡ್ಕೊಂತ ಹೋಗು. ಎಲ್ಲಿ ನಿಲ್ತೀಯೋ ಅಲ್ಲಿ ಸಿಗ್ತೈತೆ."

ಮೂರು ಸಲ ಬರೆದ ಆ ನೆಟ್‌ವರ್ಕ್ ಪೇಪರಿನಲ್ಲಿ ಇದೇ ಮಾತನ್ನು ಆರು ಪುಟದಲ್ಲಿ ಬರೆದಿದ್ದೆ. ಅಪ್ಪ ಒಂದು ಉಸಿರಿನಲ್ಲಿ ಹೇಳಿದ.

ಹಾಗೇ ನೋಡುತ್ತ ಹೋದೆ. ನನ್ನ ಫೋನಿಗೆ ವೈಫೈ ಬರುತ್ತಿದೆ, ಅಂದರೆ ಸಾವ್ಕಾರ್ರ ಮನೆಯ ಡಬ್ಬಿ ಚೆಂದಾಗೈತೆ. ಡಾಂಗಲ್ ಚುಚ್ಚಿದರೆ ಒಂದು ಸಲ ದೀಪ ಮಿಂಚುತ್ತದೆ, ಅಂದರೆ ಅದಕ್ಕೆ ಕರೆಂಟು ಐತೆ, ಜೀವ ಐತೆ. ಕಂಪ್ಯೂಟರಿನ ಸಾಧನಗಳ ಪಟ್ಟಿ ತೆರೆದೆ. ಡಾಂಗಲ್ ಹೆಸರು ಐತೆ, ಪಕ್ಕದಲ್ಲಿ ಹಳದಿ ಗುರುತು. ಅಲ್ಲಿ ನಿಂತೆ. ಡಾಂಗಲ್ಲನ್ನು ಓಡಿಸುವ ಡ್ರೈವರ್ ಅನ್ನುವ ಪ್ರೋಗ್ರಾಮು ಅಪ್‌ಗ್ರೇಡ್ ನಡುವೆ ಹರಿದುಹೋಗಿತ್ತು. ಹಳೆಯದು ಹೋಗಿದೆ, ಹೊಸದು ಪೂರ್ತಿ ಕೂತಿಲ್ಲ.

ಹೊಸ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು. ನೆಟ್ ಬರಲು ಡ್ರೈವರ್ ಬೇಕು. ಇದನ್ನು ಹೇಳಿದರೆ ಅಪ್ಪ, "ಬಾವಿಗೆ ಬಿದ್ದ ಹಗ್ಗ ತೆಗೆಯಾಕೆ ಹಗ್ಗ ಬೇಕು," ಅಂದ.

ನನ್ನ ಫೋನಿನ ನೆಟ್ಟನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಹಾಯಿಸಬಹುದು ಅಂತ ಹೊಳೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ನನ್ನ ಕೇಬಲ್ಲು ಚುಚ್ಚಿದರೆ ಫೋನು ಚಾರ್ಜ್ ಆಗುತ್ತಿದೆ ಅಷ್ಟೇ, ಕಂಪ್ಯೂಟರಿಗೆ ಫೋನು ಕಾಣುತ್ತಲೇ ಇಲ್ಲ. ಅದರೊಳಗೆ ಬರೀ ಕರೆಂಟಿನ ತಂತಿ, ಮಾಹಿತಿ ಹೋಗುವ ತಂತಿಯೇ ಇಲ್ಲ.

"ಒರಿಜಿನಲ್ ಕೇಬಲ್ ಬೇಕಿತ್ತು," ಅಂದೆ.

ಅಪ್ಪ ತನ್ನ ಬುತ್ತಿ ಚೀಲ ತಂದ. ಅದರೊಳಗಿಂದ ಅವನ ಹೊಸ ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ಲು ಹೊರಗೆ ಬಂತು, ಸುತ್ತಿದ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮನೆಯಲ್ಲಿಟ್ಟರೆ ಯಾರಾದರೂ ಬಳಸಿಬಿಡುತ್ತಾರೆ ಅಂತ ವರ್ಷದಿಂದ ಹೊತ್ತು ತಿರುಗುತ್ತಿದ್ದನಂತೆ. ಅವ್ವ ಅದಕ್ಕಾಗಿ ಎಷ್ಟು ಬೈದಿದ್ದಳೋ. ಪ್ಲಾಸ್ಟಿಕ್ ಅವನೇ ಬಿಚ್ಚಿದ, ಸೀರೆಯ ಮಡಿಕೆ ಬಿಚ್ಚಿದ ಹಾಗೆ.

ಕಂಪ್ಯೂಟರಿಗೆ ಫೋನು ಕಂಡಿತು. ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾ ಹಚ್ಚಿದೆ. ತಗಡಿನ ಶೆಡ್ಡಿನ ಹಿಂದಿನ ಆ ಆಫೀಸಿನಲ್ಲಿ ಮೊಬೈಲ್ ಸಿಗ್ನಲ್ಲು ಒಂದೇ ಕಡ್ಡಿ. ಡ್ರಾಯಿಂಗುಗಳನ್ನು ಅದರ ಮೇಲೆ ಕಳಿಸುವ ಮಾತೇ ಇಲ್ಲ, ಆದರೆ ಪುಟ್ಟ ಡ್ರೈವರ್ ಇಳಿಯಿತು. ಫೋನಿಗೆ ಬರುತ್ತಿದ್ದ ವೈಫೈಯನ್ನೇ ಕೇಬಲಿನಲ್ಲಿ ಹಾಯಿಸಿ ಎಲ್ಲ ಕೆಲಸ ಮುಗಿಸಬಹುದಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅವತ್ತು ತಿಳಿದಿರಲಿಲ್ಲ. ತಿಳಿಯದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ರೋಗ ಒಳಗೇ ಉಳಿಯುತ್ತಿತ್ತು.

ಅರ್ಧ ಕೂತಿದ್ದ ಡ್ರೈವರನ್ನು ಪೂರ್ತಿ ಕಿತ್ತು ಹಾಕಿದೆ. ಹೊಸದನ್ನು ಕೂರಿಸಿದೆ. ರೀಸ್ಟಾರ್ಟ್ ಮಾಡಿದೆ. ಮೂಲೆಯಲ್ಲಿ ವೈಫೈ ಗುರುತು ಮೂಡಿತು. ಅಪ್ಪ, "ಬಂತಾ?" ಅಂದ. "ಬಂತು," ಅಂದೆ. ಆಗ ಎರಡೂ ಕಾಲು ಗಂಟೆ.

ಅಷ್ಟಕ್ಕೇ ಮುಗಿಯಲಿಲ್ಲ. ಪೋರ್ಟಲ್ ತೆರೆದು, ಅಪ್ಪ ಬರೆದುಕೊಟ್ಟ ಅಳತೆಗಳನ್ನು ಕಾಗದದಿಂದ ನೋಡಿ ಒಂದೊಂದೇ ತುಂಬುತ್ತಿದ್ದೆ. ಕಾಗದದಿಂದ ತಲೆ ಎತ್ತುವಷ್ಟರಲ್ಲಿ ನೆಟ್ ಹೋಗಿರುತ್ತಿತ್ತು. ಪೋರ್ಟಲ್ ಹೊರಗೆ ದಬ್ಬುತ್ತಿತ್ತು, ತುಂಬಿದ್ದೆಲ್ಲ ಅಳಿಸಿ ಹೋಗುತ್ತಿತ್ತು. ಎರಡು ಸಲ ಹೀಗೇ ಆಯಿತು. ಮೂರನೇ ಸಲ ಅಪ್ಪ ಬಗ್ಗಿ ಡಾಂಗಲ್ಲನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಲೇತಿನ ಮುಂದೆ ಚೂರು ಹಾರುವುದನ್ನು ನೋಡುವ ಕಣ್ಣು ಅದು.

"ನೀನು ಕೈ ತೆಗೆದ್ಯಲ್ಲ, ಆಮ್ಯಾಲೆ ಆರಿತು ದೀಪ," ಅಂದ. "ಟೈಪ್ ಮಾಡುವಾಗ ಆರಲ್ಲ. ಸುಮ್ನೆ ಕೂತ್ರೆ ಆರ್ತೈತೆ."

ಕೆಲಸವಿಲ್ಲದಾಗ ಯಾರೋ ಅದನ್ನು ಆರಿಸುತ್ತಿದ್ದಾರೆ. ಡಾಂಗಲ್ಲಿನ ಸೆಟ್ಟಿಂಗ್ ತೆರೆದೆ. ಕೊನೆಯ ಪುಟದಲ್ಲಿ ಸಿಕ್ಕಿತು. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡಿ ಅನ್ನುವ ಸಾಲು, ಮುಂದೆ ಒಂದು ಟಿಕ್. ಹೊಸ ವರ್ಶನ್ ತಾನೇ ಹಾಕಿಕೊಂಡದ್ದು. ನನಗೆ ನಗು ತಡೆಯಲಾಗಲಿಲ್ಲ.

"ಒಳಗೂ ಒಬ್ಬ ನಿನ್ನಂಥೋನು ಕೂತಾನೆ ಅಪ್ಪಾ. ಕೆಲಸ ನಿಂತೈತೆ ಅಂದ್ಕೊಂಡು ಮೇನ್ ಇಳಿಸ್ತಾನೆ."

"ಅವನಿಗೂ ಹೇಳಬೇಕಿತ್ತು ನೀನು," ಅಂದ ಅಪ್ಪ. ಮೂರು ದಿನದಲ್ಲಿ ಮೊದಲ ಸಲ ಇಬ್ಬರೂ ನಕ್ಕೆವು.

ಟಿಕ್ ತೆಗೆದೆ. ದೀಪ ಆರಲಿಲ್ಲ. ಅಳತೆ ಓದುತ್ತ ಕೂತೆ, ಆರಲಿಲ್ಲ. ಬೇಕೆಂದೇ ಎದ್ದು ನೀರು ಕುಡಿದು ಬಂದೆ, ಉರಿಯುತ್ತಲೇ ಇತ್ತು. ಪಟ್ಟಿ ತುಂಬಿದೆ, ಡ್ರಾಯಿಂಗು ಹಚ್ಚಿದೆ, ಸಾವ್ಕಾರ್ರನ್ನು ಕರೆದೆ. ಅವರು ಸಹಿಯ ಕಡ್ಡಿ ಹಿಡಿದುಕೊಂಡು ಬಂದರು. ಮೂರೂ ಇಪ್ಪತ್ತಕ್ಕೆ ಹಸಿರು ಅಕ್ಷರದಲ್ಲಿ, ಸ್ವೀಕರಿಸಲಾಗಿದೆ ಅಂತ ಬಂತು.

ಸಾವ್ಕಾರ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಏನಾಗಿತ್ತವ್ವ?"

ನಾನು ಎದ್ದು ನಿಂತು ಹೇಳಿದೆ: "ನಿಮ್ಮನ್ನ ಕೇಳದೇ ಹೊಸ ವರ್ಶನ್ ಹಾಕಿದ್ದೆರಿ. ಪೂಜೆ ದಿನ ಮೇನ್ ಇಳಿಸ್ತಾರೆ ಅನ್ನೋದು ಮರ್ತೆ. ಕೆಡಿಸಿದ್ದು ನಾನೇ. ಸರಿ ಮಾಡಿದ್ದೂ ನಾನೇ."

ಅಪ್ಪ ಬಾಗಿಲಿಗೆ ಸರಿದು ನಿಂತಿದ್ದ. ಸಾವ್ಕಾರ್ರು ಕಿಸೆಯಿಂದ ಫೋನು ತೆಗೆದು ಅಂಗಡಿಯವನಿಗೆ ಹಚ್ಚಿದರು. "ಎಲ್ಲಿದೀಯಪ್ಪ? ಇನ್ನೂ ದಾವಣಗೆರೆ ಬಿಟ್ಟಿಲ್ಲೇನು? ಬಿಡಬ್ಯಾಡ ಹಂಗಾರೆ. ನಮ್ಮ ಹುಡುಗಿ ಮಾಡ್ಯಾಳೆ." ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಕೇಳಿ ಕೆಡಿಸವ್ವ ಡಿಗ್ರಿ," ಅಂದರು. ಇಟ್ಕಂತೀನಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೋಗುವಾಗ, ಹೊಸ ಯುಪಿಎಸ್ ಯಾವುದು ಬೇಕೋ ಬರೆದುಕೊಡು ಅಂದರು. ನನಗೆ ಅಷ್ಟು ಸಾಕಾಯಿತು.

ಸಂಜೆ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟ. ಕೇಬಲ್ಲನ್ನು ಮಾತ್ರ ವಾಪಸ್ ಇಸಿದುಕೊಂಡ.

ಮುಂದಿನ ವರ್ಷದ ಆಯುಧಪೂಜೆ. ಅದೇ ವಿಭೂತಿ, ಅದೇ ಹಾರ. ಕುಂಬಳಕಾಯಿ ಒಡೆದಾಯಿತು. ಇಸ್ತ್ರಿ ಅಂಗಿಯ ಅಪ್ಪ ಮೇನ್ ಸ್ವಿಚ್ಚಿನ ಹಿಡಿಕೆಗೆ ಕೈ ಇಟ್ಟ. ಸಾವ್ಕಾರ್ರು, ಕೆಲಸಗಾರರು, ಅವರ ಮನೆಯವರು ಎಲ್ಲ ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಯಾರನ್ನೂ ಒಂದು ಮಾತು ಕೇಳದೆ ಅದನ್ನು ಇಳಿಸಿದವನು ಅವತ್ತು ಕೈ ತಡೆದ. ಶೆಡ್ಡಿನ ಆ ತುದಿಯಿಂದ ಆಫೀಸಿನ ಬಾಗಿಲಲ್ಲಿದ್ದ ನನಗೆ ಕೇಳುವ ಹಾಗೆ ಕೂಗಿದ:

"ಡಿಗ್ರಿ, ನಿಂದು ಮುಗೀತೇನವ್ವ? ಇಳಿಸ್ಲಾ?"

ನಾನು ಒಳಗೆ ಹೋಗಿ ನೋಡಿ ಬಂದೆ. ಕಂಪ್ಯೂಟರನ್ನು ನಾನೇ ಆರಿಸಿ ಅರ್ಧ ಗಂಟೆಯಾಗಿತ್ತು. ಆದರೂ ಹೋಗಿ ನೋಡಿ ಬಂದೆ. ಅಷ್ಟು ಹೊತ್ತು ಇಡೀ ವರ್ಕ್‌ಶಾಪು ಕಾಯುತ್ತ ನಿಂತಿತ್ತು.

"ಮುಗೀತು. ಇಳಿಸು," ಅಂದೆ.